ಏಳೂವರೆ ವರ್ಷದ ಮಗಳು ಯಾವಾಗಲೂ ಬಾಯಿ ಬಿಟ್ಟೇ ಇರುತ್ತಾಳೆ. ನಾಲಗೆ, ತುಟಿಯ ತೆರಪಿ ಮಾಡಿಸಬೇಕಾ?

ಮುಳ್ಳೇರಿಯದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ, ಅಡಿಕೆ ತೋಟ. ಮಗಳು ಎರಡನೇ ಕ್ಲಾಸು, ಕನ್ನಡ ಮೀಡಿಯಂ. ಓದಿನಲ್ಲಿ ಚುರುಕು, ಆರೋಗ್ಯವೂ ಹೆಚ್ಚು ಕಡಿಮೆ ಚೆನ್ನಾಗಿದೆ.

ಆದರೆ ಬರೆಯುವಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ ಕೂತಾಗ ಬಾಯಿ ಸ್ವಲ್ಪ ತೆರೆದೇ ಇರುತ್ತದೆ. ಕೆಳತುಟಿ ಒಣಗಿ ಒಡೆದಿರುತ್ತದೆ. ಬೆಳಿಗ್ಗೆ ನೋಡಿದರೆ ದಿಂಬು ಜೊಲ್ಲಿನಲ್ಲಿ ಒದ್ದೆ. ಶೀತ ಆದಾಗ ಗೊರಕೆಯೂ ಇದೆ. ಊಟಕ್ಕೆ ಕೂತರೆ ಏಳುವುದೇ ಇಲ್ಲ. ಅನ್ನವನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂತಿರುತ್ತಾಳೆ, ಆಮೇಲೆ ನೀರು ಕುಡಿದು ಒಳಗೆ ಕಳಿಸುತ್ತಾಳೆ. ಮುಂದಿನ ಹೊಸ ಹಲ್ಲುಗಳು ಮೇಲೆಯೂ ಕೆಳಗೂ ಬಂದಿವೆ. ದವಡೆ ಕಚ್ಚಿ ಹಿಡಿದರೂ ಮುಂದೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ನಾಲಗೆ ಕಾಣುತ್ತದೆ. ‘ಸಕ್ಕರೆ’, ‘ಬಸ್ಸು’ ಅನ್ನುವಾಗ ನಾಲಗೆ ಹಲ್ಲಿನಿಂದ ಹೊರಗೆ ಬರುತ್ತದೆ.

ಹಲ್ಲಿನ ಡಾಕ್ಟ್ರು, ಈಗಲೇ ಕ್ಲಿಪ್ ಬೇಡ, ಮೊದಲು ಮಯೋಫಂಕ್ಷನಲ್ ತೆರಪಿ (ನಾಲಗೆ, ತುಟಿಯ ಸ್ನಾಯುಗಳಿಗೆ ಅಭ್ಯಾಸ ಕೊಡುವ ತೆರಪಿಯಂತೆ) ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ನಾನು ಈ ಹೆಸರು ಕೇಳಿದ್ದೇ ಮೊದಲು. ಅತ್ತೆ ಹೇಳುತ್ತಾರೆ, ದೊಡ್ಡವಳಾದ ಹಾಗೆ ತಾನೇ ಸರಿಯಾಗುತ್ತದೆ, ಸುಮ್ನೆ ಮಗುವನ್ನು ಕಾಡಬೇಡಿ ಅಂತ. ಯಜಮಾನರು ಫೋನಿನಲ್ಲಿ ಹುಡುಕಿ ಬಾಯೊಳಗೆ ಇಡುವ ಸಿಲಿಕೋನ್ ಟ್ರೈನರ್ ಒಂದನ್ನು ತೋರಿಸಿದರು. ರಾತ್ರಿ ಬಾಯಿಗೆ ಟೇಪ್ ಅಂಟಿಸುವವರ ವಿಡಿಯೋಗಳೂ ಇವೆ. ನನಗೆ ಭಯ.

ಈ ತೆರಪಿಯಿಂದ ನಿಜವಾಗಿ ಉಪಯೋಗ ಇದೆಯಾ? ಯಾರ ಹತ್ತಿರ ಹೋಗಬೇಕು? ಇಲ್ಲಿ ಹತ್ತಿರದಲ್ಲಿ ಇರುವ ತೆರಪಿಸ್ಟ್ ಮಲಯಾಳ ಮಾತಾಡುವವರು. ಮನೆಯಲ್ಲಿ ನಮ್ಮದು ಹವ್ಯಕ, ಶಾಲೆಯಲ್ಲಿ ಕನ್ನಡ, ಆಟಕ್ಕೆ ಹೋದರೆ ತುಳು, ಮಲಯಾಳ. ಇಷ್ಟು ಭಾಷೆಯಿಂದಲೇ ಉಚ್ಚಾರ ಕೆಟ್ಟಿತಾ ಎಂದೂ ಒಬ್ಬರು ಕೇಳಿದರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳದ ಅಪ್ಪ:

ಅಕ್ಕಾ, ಮೊದಲು ಇಎನ್‌ಟಿ ಡಾಕ್ಟ್ರಿಗೆ, ಅಂದರೆ ಕಿವಿ ಮೂಗು ಗಂಟಲಿನ ಡಾಕ್ಟ್ರಿಗೆ ತೋರಿಸಿದಿರಾ? ನನ್ನ ಮಗನಿಗೂ ಇದೇ ತರ ಇತ್ತು. ಅವನಿಗೆ ಮೂಗಿನ ಹಿಂದೆ ಅಡೆನಾಯ್ಡ್ (ಟಾನ್ಸಿಲ್ ತರದ ಮೆತ್ತಗಿನ ಗಡ್ಡೆ) ದೊಡ್ಡದಾಗಿತ್ತು. ಎಕ್ಸ್‌ರೇಯಲ್ಲಿ ಉಸಿರಿನ ದಾರಿ ಬರೀ ಒಂದು ಗೆರೆಯಷ್ಟು ಕಾಣುತ್ತಿತ್ತು. ಮೂಗಿಗೆ ಸ್ಪ್ರೇ ಕೊಟ್ಟು ನೋಡಿದರು, ಸಾಲಲಿಲ್ಲ. ಆಮೇಲೆ ಆಪರೇಷನ್ ಮಾಡಿ ತೆಗೆದರು. ಗೊರಕೆ ನಿಂತಿತು, ಮಗು ಗಡದ್ದಾಗಿ ನಿದ್ದೆ ಮಾಡಲು ಶುರು ಮಾಡಿತು.

ಆದರೆ ಒಂದು ವಿಷಯ ಹೇಳಲೇಬೇಕು. ಆಪರೇಷನ್ ಆದ ಮೇಲೂ ಬಾಯಿ ಮುಚ್ಚಲಿಲ್ಲ. ಮೂಗು ತೆರೆದಿದೆ, ಆದರೂ ಹಳೇ ಅಭ್ಯಾಸದಲ್ಲಿ ಬಾಯಲ್ಲೇ ಉಸಿರಾಡುತ್ತಿದ್ದ. ಅದಕ್ಕೇ ತೆರಪಿಗೆ ಕಳಿಸಿದ್ದು. ಎರಡೂ ಬೇಕಾಯಿತು. ಈಗ ಬಾಯಿ ಮುಚ್ಚಿ ಕೂರುತ್ತಾನೆ, ಓಡಿ ಬಂದಾಗ ಮಾತ್ರ ತೆರೆಯುತ್ತಾನೆ.

ಕುಂಬಳೆ ಸ್ಪೀಚ್:

ಮುಳ್ಳೇರಿಯದ ಅಕ್ಕಾ, ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕುಂಬಳೆಯಲ್ಲಿ. ಈಗ ಮಂಗಳೂರಿನ ಕಡೆ ಸ್ಪೀಚ್ ತೆರಪಿಸ್ಟ್ ಆಗಿ ಕೆಲಸ. ಗಡಿಯ ತಲಪಾಡಿ ದಾಟಿ ಬರುವ ನಮ್ಮ ಊರಿನ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ನೀವು ಬರೆದದ್ದು ಓದಿದ ಕೂಡಲೇ ಉತ್ತರ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ.

ಮೊದಲನೆಯ ಮಾತು ಉಪ್ಪಳದ ಅಣ್ಣ ಹೇಳಿದ್ದೇ. ಮೂಗು ಮೊದಲು. ಮೂಗಿನಲ್ಲಿ ಗಾಳಿ ಹೋಗದ ಮಗುವಿಗೆ ಬಾಯಿ ಮುಚ್ಚುವ ವ್ಯಾಯಾಮ ಕೊಡುವುದು ಅನ್ಯಾಯ. ಅದಕ್ಕೆ ಉಸಿರಾಡಲು ಇರುವ ಒಂದೇ ದಾರಿಯನ್ನು ನಾವು ಮುಚ್ಚಿದ ಹಾಗೆ ಆಗುತ್ತದೆ. ನನ್ನ ಹತ್ತಿರ ಬಂದ ಮಗುವಿಗೆ ಇಎನ್‌ಟಿ ತಪಾಸಣೆ ಆಗಿರದಿದ್ದರೆ ತೆರಪಿ ಶುರು ಮಾಡುವ ಮೊದಲೇ ಅಲ್ಲಿಗೆ ಕಳಿಸುತ್ತೇನೆ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಬೇಸರ ತರುತ್ತದೆ, ಇನ್ನೊಂದು ಕಡೆ ಹೋಗಬೇಕಲ್ಲ ಅಂತ. ಆದರೂ ನಾನು ಬಿಡುವುದಿಲ್ಲ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಶೀತ ಇಲ್ಲದ ದಿನ ಒಂದು ಚಿಕ್ಕ ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿಯಿರಿ. ಎರಡೂ ಹೊಳ್ಳೆಯಿಂದ ಆವಿ ಕೂರುತ್ತದಾ, ಒಂದರಿಂದ ಮಾತ್ರವಾ ನೋಡಿ. ಇನ್ನೊಂದು, ಬಾಯಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡು ತುಟಿ ಮುಚ್ಚಿ ಸುಮ್ಮನೆ ಕೂರಲು ಹೇಳಿ. ಎರಡು ಮೂರು ನಿಮಿಷ ಆರಾಮಾಗಿ ಕೂತರೆ ಮೂಗಿನ ದಾರಿ ಸಾಕಷ್ಟು ತೆರೆದಿದೆ ಅನ್ನಬಹುದು. ಬೇಗನೇ ಚಡಪಡಿಸಿದರೆ, ಮುಖ ಕೆಂಪಾದರೆ ಬಲವಂತ ಮಾಡಬೇಡಿ, ಡಾಕ್ಟ್ರಿಗೆ ಅದನ್ನೇ ಹೇಳಿ. ಇದು ಡಾಕ್ಟ್ರ ಪರೀಕ್ಷೆಗೆ ಬದಲಿ ಅಲ್ಲ. ಅಡೆನಾಯ್ಡ್ ಬಾಯಿ ತೆರೆದು ನೋಡಿದರೆ ಕಾಣುವುದಿಲ್ಲ. ಅದು ಮೂಗಿನ ಹಿಂದೆ, ಕಿರುನಾಲಗೆಗಿಂತ ಮೇಲೆ ಇರುತ್ತದೆ. ಸಣ್ಣ ಕ್ಯಾಮೆರಾ ಅಥವಾ ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕು.

ನಮ್ಮ ಕಡೆಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಸಿಗೆ, ದಿಂಬು ತಿಂಗಳುಗಟ್ಟಲೆ ತೇವ. ಗೋಡೆಯಲ್ಲಿ ಬೂಸಲು. ಅಲರ್ಜಿ ಇರುವ ಮಗುವಿನ ಮೂಗು ಜೂನ್‌ನಲ್ಲಿ ಕಟ್ಟಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಡಿಕೆ ಸುಲಿಯುವ ಜಾಗದ ಧೂಳೂ ಇರುತ್ತದೆ. ಡಾಕ್ಟ್ರು ಸ್ಪ್ರೇ ಕೊಟ್ಟರೆ ಅವರು ಹೇಳಿದಷ್ಟು ದಿನ ಪೂರ್ತಿ ಹಾಕಿ. ಎರಡು ದಿನ ಹಾಕಿ ಗುಣ ಕಾಣಲಿಲ್ಲ ಎಂದು ಬಿಡುವವರೇ ಜಾಸ್ತಿ. ಅಂಥ ಸ್ಪ್ರೇಗಳು ಕೆಲಸ ಮಾಡಲು ವಾರಗಳು ಬೇಕು.

ನಿಮ್ಮ ಅತ್ತೆ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಅಡೆನಾಯ್ಡ್ ಚಿಕ್ಕ ವಯಸ್ಸಿನಲ್ಲಿ ದೊಡ್ಡದಾಗಿದ್ದು, ಹರೆಯ ಬರುವ ಹೊತ್ತಿಗೆ ತಾನೇ ಕುಗ್ಗುತ್ತದೆ. ಆದರೆ ಅಷ್ಟರ ತನಕ ಮುಖದ ಎಲುಬು ಬೆಳೆಯದೆ ಕಾಯುತ್ತದಾ? ಇಲ್ಲ. ಅದಕ್ಕೇ ನಿಮ್ಮ ಹಲ್ಲಿನ ಡಾಕ್ಟ್ರು ಈಗಲೇ ಹೇಳಿದ್ದು. ಅವರು ಕ್ಲಿಪ್‌ಗೆ ಅವಸರ ಮಾಡದೆ ಕಾರಣ ಹುಡುಕಲು ಕಳಿಸಿದ್ದಾರೆ, ನನಗೆ ಅವರ ಮೇಲೆ ಗೌರವ ಬಂತು.

ಈಗ ಬಾಯಿ ತೆರೆದಿದ್ದರೆ ಹಲ್ಲಿಗೆ ಏನಾಗುತ್ತದೆ ಎಂಬುದು. ಬಾಯಿ ಮುಚ್ಚಿ ಸುಮ್ಮನೆ ಕೂತಾಗ ನಿಮ್ಮ ನಾಲಗೆ ಎಲ್ಲಿದೆ ಎಂದು ಒಮ್ಮೆ ಗಮನಿಸಿ. ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ, ಗೆರೆ ಗೆರೆ ಇರುವ ದಪ್ಪ ಭಾಗದಲ್ಲಿ. ಉಳಿದ ನಾಲಗೆ ಅಂಗುಳಕ್ಕೆ ಮೆತ್ತಗೆ ಅಂಟಿಕೊಂಡಿರುತ್ತದೆ. ಮೇಲಿನ ದವಡೆ ಅಗಲವಾಗಿ ಬೆಳೆಯಲು ಒಳಗಿನಿಂದ ಸಿಗುವ ಆಧಾರ ಅದು. ಹೊರಗಿನಿಂದ ಕೆನ್ನೆ, ತುಟಿ ಒತ್ತುತ್ತಿರುತ್ತವೆ. ಬಾಯಿ ತೆರೆದಾಗ ನಾಲಗೆ ಕೆಳಗೆ ಬೀಳುತ್ತದೆ. ಒಳಗಿನ ಆಧಾರ ಹೋಯಿತು, ಹೊರಗಿನ ಒತ್ತು ಉಳಿಯಿತು. ಅಂಗುಳ ಕಿರಿದಾಗಿ ಮೇಲಕ್ಕೆ ಗೂಡಿನಂತೆ ಏರುತ್ತದೆ. ನಾಲಗೆ ಹಲ್ಲುಗಳ ನಡುವೆಯೇ ವಾಸ ಮಾಡಿದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟುವುದಿಲ್ಲ. ನೀವು ಹೇಳಿದ ಸಂದು ಅದೇ ಇರಬಹುದು.

ಇಲ್ಲಿ ಒಂದು ಮುಖ್ಯ ವಿಷಯ. ನುಂಗುವಾಗ ನಾಲಗೆ ಹಲ್ಲನ್ನು ದೂಡುವುದು ಜೋರಾಗಿದ್ದರೂ ಅದು ಒಂದು ಕ್ಷಣದ ಕೆಲಸ. ಇಡೀ ದಿನ, ಇಡೀ ರಾತ್ರಿ ನಾಲಗೆ ಎಲ್ಲಿ ಇರುತ್ತದೆ ಎಂಬುದೇ ಹಲ್ಲಿನ ಜಾಗವನ್ನು ಹೆಚ್ಚು ನಿರ್ಧರಿಸುತ್ತದೆ. ನಿಮ್ಮ ತೋಟದಲ್ಲಿ ಒಳ್ಳೆಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟುವಾಗ ಬಿಗಿದು ಎಳೆಯುತ್ತೀರಾ? ಸಡಿಲ ಕಟ್ಟು ಸಾಕು, ಅದು ಅಲ್ಲೇ ಇದ್ದರಾಯಿತು. ನಾಲಗೆಯೂ ಹಾಗೆ. ಆದ್ದರಿಂದ ಬೆಳಿಗ್ಗೆ ಹತ್ತು ನಿಮಿಷ ವ್ಯಾಯಾಮ ಮಾಡಿ ಉಳಿದ ಹೊತ್ತು ಬಾಯಿ ತೆರೆದು ಕೂತರೆ ಏನೂ ಬದಲಾಗುವುದಿಲ್ಲ. ವ್ಯಾಯಾಮ ಸ್ನಾಯುವಿಗೆ ದಾರಿ ತೋರಿಸಲು. ಗುರಿ ಇರುವುದು ಮಗು ಗಮನಿಸದೇ ಇರುವಾಗಲೂ ತುಟಿ ಮುಚ್ಚಿ, ನಾಲಗೆ ಮೇಲೆ ಇರುವುದು. ಈ ಮಾತನ್ನು ಎಲ್ಲ ಅಪ್ಪ ಅಮ್ಮಂದಿರಿಗೂ ಮತ್ತೆ ಮತ್ತೆ ಹೇಳುತ್ತೇನೆ. ಏಕೆಂದರೆ ಹಾಳೆಯಲ್ಲಿ ಬರೆದುಕೊಟ್ಟ ವ್ಯಾಯಾಮ ಮಾಡಿಸಿ ಮುಗಿಯಿತು ಎಂದುಕೊಂಡು, ಆರು ತಿಂಗಳ ನಂತರ ಏನೂ ಆಗಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಪಾಪ, ಅವರು ಶ್ರಮ ಪಟ್ಟಿರುತ್ತಾರೆ.

ತೆರಪಿಸ್ಟ್ ಮೊದಲ ದಿನ ಏನು ನೋಡುತ್ತಾರೆ? ತುಟಿ ಮುಚ್ಚುವಾಗ ಗಲ್ಲದಲ್ಲಿ (ಕೆಳತುಟಿಯ ಕೆಳಗೆ) ಸುಕ್ಕು ಬೀಳುತ್ತದಾ, ಅಂದರೆ ಕಷ್ಟಪಟ್ಟು ಮುಚ್ಚುತ್ತಿದ್ದಾಳಾ. ನಾಲಗೆಯ ಕೆಳಗಿನ ನಾರು ಗಿಡ್ಡ ಇದೆಯಾ. ಬಾಯಿ ಅಗಲ ತೆರೆದಾಗ ನಾಲಗೆ ತುದಿ ಮೇಲಕ್ಕೆ ಹೋಗುತ್ತದಾ. ಬೆರಳು ಚೀಪುವ ಅಭ್ಯಾಸ ಇತ್ತಾ, ಈಗಲೂ ಇದೆಯಾ (ಇದ್ದರೆ ಮೊದಲು ಅದನ್ನು ಬಿಡಿಸಬೇಕು, ಬೆರಳು ಬಾಯಲ್ಲಿ ಇದ್ದರೆ ನಾಲಗೆ ಮೇಲೆ ಹೋಗಲು ಜಾಗವೇ ಇಲ್ಲ). ಆಮೇಲೆ ಏನಾದರೂ ತಿನ್ನಲು ಕೊಡುತ್ತಾರೆ. ಒಂದೇ ಬದಿಯಲ್ಲಿ ಜಗಿಯುತ್ತಾಳಾ, ತುಟಿ ತೆರೆದು ಜಗಿಯುತ್ತಾಳಾ, ನುಂಗುವಾಗ ತಲೆ ಮುಂದಕ್ಕೆ ಬಾಗುತ್ತದಾ, ಬಾಯಿ ಸುತ್ತ ಬಿಗಿಯುತ್ತಾಳಾ. ನಿಮ್ಮ ಮಗಳು ಅನ್ನವನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುವುದು, ನೀರಿನಿಂದ ನುಂಗುವುದು ಇದಕ್ಕೇ ಸೇರಿದ ವಿಷಯ. ಮೂಗು ಕಟ್ಟಿದ ಮಗು ಬಾಯಿ ಮುಚ್ಚಿ ಜಗಿಯುತ್ತಾ ಉಸಿರಾಡುವುದು ಹೇಗೆ? ಜಗಿಯುವುದನ್ನು ನಿಲ್ಲಿಸಿ ನಿಲ್ಲಿಸಿ ಉಸಿರಾಡಬೇಕು. ಊಟ ನಿಧಾನ ಆಗುವುದು ಅದಕ್ಕೂ ಇರಬಹುದು. ಅವಳಿಗೆ ಹಟ ಎಂದು ಬೈಯಬೇಡಿ.

ವ್ಯಾಯಾಮಗಳನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ, ಮಗುವನ್ನು ನೋಡದೆ ಕೊಡುವುದು ಸರಿಯಲ್ಲ. ಹೇಗಿರುತ್ತದೆ ಎಂದು ತಿಳಿಯಲು ಕೆಲವು ಹೇಳುತ್ತೇನೆ. ಮೊದಲು ನಾಲಗೆಯ ಜಾಗ ಕಲಿಸುತ್ತೇವೆ, ಅದಕ್ಕೆ ನಾವು ಸ್ಪಾಟ್ ಅನ್ನುತ್ತೇವೆ. ಕನ್ನಡಿ ಮುಂದೆ ಕೂರಿಸಿ ‘ಲ’ ಅನ್ನಿಸಿದರೆ ಮಗುವಿಗೆ ಆ ಜಾಗ ಬೇಗ ಸಿಗುತ್ತದೆ. ಆಮೇಲೆ ನಾಲಗೆಯನ್ನು ಅಂಗುಳಕ್ಕೆ ಎಳೆದು ಹಿಡಿದು ‘ಟಕ್’ ಎಂದು ಬಿಡುವುದು, ಕುದುರೆ ಓಡುವ ಸದ್ದಿನಂತೆ. ಮಕ್ಕಳಿಗೆ ಇದು ಬಹಳ ಇಷ್ಟ. ಅದು ಬಂದ ಮೇಲೆ ಟಕ್ ಎಂದು ಬಿಡದೆ, ನಾಲಗೆ ಮೇಲೆ ಅಂಟಿಸಿಕೊಂಡೇ ಬಾಯಿ ತೆರೆದು ಹಿಡಿಯುವುದು. ತುಟಿಗೆ ಗುಂಡಿ ವ್ಯಾಯಾಮ: ದೊಡ್ಡ ಗುಂಡಿಗೆ ಗಟ್ಟಿ ದಾರ ಕಟ್ಟಿ ತುಟಿ ಮತ್ತು ಹಲ್ಲಿನ ನಡುವೆ ಇಟ್ಟು ಮೆಲ್ಲ ಎಳೆಯುವುದು, ಮಗು ತುಟಿಯಿಂದ ಬಿಡದೆ ಹಿಡಿಯುವುದು. ದಾರ ಯಾವಾಗಲೂ ದೊಡ್ಡವರ ಕೈಯಲ್ಲೇ ಇರಬೇಕು. ಮಗುವಿಗೆ ಕೊಟ್ಟು ಅಡುಗೆಮನೆಗೆ ಹೋಗುವ ಹಾಗಿಲ್ಲ.

ನುಂಗುವುದನ್ನು ಆಮೇಲೆ ಕಲಿಸುತ್ತೇವೆ. ತುದಿ ಸ್ಪಾಟ್‌ನಲ್ಲಿ, ಜೊಲ್ಲು ಒಟ್ಟು ಮಾಡಿ, ಹಿಂದಿನ ಹಲ್ಲು ಮೆಲ್ಲ ಸೇರಿಸಿ, ನಾಲಗೆಯನ್ನು ಮೇಲಕ್ಕೆ ಒತ್ತಿ ನುಂಗುವುದು. ತುಟಿ ಬಿಗಿಯಬಾರದು. ಮೊದಲು ಜೊಲ್ಲು, ಆಮೇಲೆ ಗುಟುಕು ನೀರು, ಆಮೇಲೆ ತಿಂಡಿ. ಕೊನೆಗೆ ಊಟದ ಹೊತ್ತು ಪೂರ್ತಿ. ಇದಕ್ಕೆಲ್ಲ ತಿಂಗಳುಗಟ್ಟಲೆ ಬೇಕು. ಇಷ್ಟು ವಾರದಲ್ಲಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಎಚ್ಚರ.

ಇನ್ನು ‘ಸ’ ವಿಷಯ. ಪೀಪಿ ಊದಿಸುವುದು, ಗುಳ್ಳೆ ಊದಿಸುವುದು, ನಾಲಗೆ ಆಚೀಚೆ ಆಡಿಸುವುದು, ಇಷ್ಟರಿಂದ ಉಚ್ಚಾರ ಸರಿಯಾಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಇದನ್ನೇ ಮಾಡಿಸಿ ವರ್ಷ ಕಳೆಯುವವರಿದ್ದಾರೆ. ಊದುವಾಗ ನಾಲಗೆ ಮಾಡುವ ಕೆಲಸವೇ ಬೇರೆ, ‘ಸ’ ಅನ್ನುವಾಗ ಮಾಡುವ ಕೆಲಸವೇ ಬೇರೆ. ‘ಸ’ ಸರಿಯಾಗಬೇಕಾದರೆ ‘ಸ’ವನ್ನೇ ಕಲಿಸಬೇಕು. ಮೊದಲು ಒಂಟಿ ಸದ್ದು, ಆಮೇಲೆ ಪದ, ಆಮೇಲೆ ವಾಕ್ಯ, ಆಮೇಲೆ ಮಾತುಕತೆ. ಏಳೂವರೆ ವರ್ಷಕ್ಕೆ ಅದನ್ನು ಶುರು ಮಾಡಬಹುದು.

ಭಾಷೆಯ ಬಗ್ಗೆ ಕೇಳಿದಿರಿ. ಹೆಚ್ಚು ಭಾಷೆ ಕೇಳುವುದರಿಂದ ಉಚ್ಚಾರ ಕೆಡುವುದಿಲ್ಲ. ನಮ್ಮ ಜಿಲ್ಲೆಯ ಮಕ್ಕಳು ಮೂರು ನಾಲ್ಕು ಭಾಷೆಯಲ್ಲಿ ಜಗಳ ಆಡುತ್ತಾರೆ, ಅದು ಅವರ ಸಂಪತ್ತು. ತುಟಿ, ನಾಲಗೆ, ಉಸಿರಿನ ಭಾಗಕ್ಕೆ ಮಲಯಾಳದ ತೆರಪಿಸ್ಟ್ ಧಾರಾಳ ಸಾಕು. ಮಗುವಿಗೆ ಅರ್ಥವಾಗುತ್ತದಲ್ಲ. ಉಚ್ಚಾರದ ಭಾಗಕ್ಕೆ ಬಂದಾಗ ಮಾತ್ರ ಪದಗಳು ಅವಳು ದಿನವೂ ಆಡುವ ಮಾತಿನದ್ದಾಗಿರಲಿ. ‘ಸ’ ಇರುವ ಪದಗಳ ಪಟ್ಟಿಯನ್ನು ನೀವೇ ಬರೆದುಕೊಂಡು ಹೋಗಿ: ಸಾರು, ಸೌಟು, ಹಲಸು, ಮೊಸರು, ಕೆಲಸ. ಒಳ್ಳೆಯ ತೆರಪಿಸ್ಟ್ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮ. ನಮ್ಮ ‘ತ’, ‘ದ’ ಹೇಳುವಾಗ ನಾಲಗೆ ಹಲ್ಲಿಗೆ ತಾಗಲೇಬೇಕು. ಇಂಗ್ಲಿಷ್‌ನ ಸದ್ದುಗಳಿಗೆ ಬರೆದ ಪಾಠ ನೋಡಿ, ಮಾತಾಡುವಾಗ ನಾಲಗೆ ಹಲ್ಲಿಗೆ ತಾಗಲೇಬಾರದು ಎಂದು ಮನೆಯಲ್ಲಿ ತಿದ್ದಬೇಡಿ. ‘ತಾತ’ ಅನ್ನುವಾಗ ತಾಗಿದರೆ ಅದು ಸರಿಯೇ. ಹಲ್ಲುಗಳ ನಡುವಿನಿಂದ ಹೊರಗೆ ಬಂದರೆ ಮಾತ್ರ ನೋಡಬೇಕು.

ಟ್ರೈನರ್ ಬಗ್ಗೆ: ಅಂಥ ಸಾಧನಗಳನ್ನು ಹಲ್ಲಿನ ಡಾಕ್ಟ್ರು ಕೆಲವು ಮಕ್ಕಳಿಗೆ ಕೊಡುತ್ತಾರೆ. ಅಳತೆ ನೋಡಿ, ಮೂಗು ಸರಿ ಇದೆ ಎಂದು ಖಾತ್ರಿ ಮಾಡಿ ಕೊಡುತ್ತಾರೆ. ನೀವಾಗಿ ತರಿಸಬೇಡಿ. ಬಾಯಿಗೆ ಟೇಪ್ ಬೇಡವೇ ಬೇಡ. ಮೂಗು ಕಟ್ಟಿದ ಮಗು, ರಾತ್ರಿ ವಾಂತಿ ಬಂದರೆ ಏನು ಗತಿ? ನಿಮ್ಮ ಭಯ ಸರಿಯಾಗಿಯೇ ಇದೆ ಅಕ್ಕಾ.

ಉಪಯೋಗ ಇದೆಯಾ ಎಂದು ಕೇಳಿದಿರಿ. ತುಟಿ ಮುಚ್ಚುವುದು, ನಾಲಗೆಯ ಜಾಗ, ನುಂಗುವ ರೀತಿ, ಇವು ಬದಲಾಗುವುದನ್ನು ನಾನು ಕಣ್ಣಾರೆ ನೋಡುತ್ತೇನೆ. ಸಂದು ತನ್ನಷ್ಟಕ್ಕೆ ಪೂರ್ತಿ ಮುಚ್ಚುತ್ತದೆ ಎಂದು ಮಾತು ಕೊಡಲು ಆಗುವುದಿಲ್ಲ. ಕೆಲವರಿಗೆ ಆಮೇಲೆ ಕ್ಲಿಪ್ ಬೇಕಾಗುತ್ತದೆ. ಆದರೆ ನಾಲಗೆಯ ಅಭ್ಯಾಸ ಹಾಗೇ ಉಳಿದರೆ ಕ್ಲಿಪ್ ತೆಗೆದ ಮೇಲೆ ಸಂದು ಮತ್ತೆ ತೆರೆಯುವ ಸಾಧ್ಯತೆ ಇದೆ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೂ ಈ ತೆರಪಿಯನ್ನು ನೋಡಿದ್ದಾರೆ. 2015ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಮಕ್ಕಳಲ್ಲಿ ಆ ತೊಂದರೆ ಸುಮಾರು 62 ಶೇಕಡಾ ಇಳಿದಿತ್ತು. ಆನ್‌ಲೈನ್‌ನಲ್ಲಿ ಈ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಅದರಲ್ಲಿ ಇದ್ದದ್ದು ಮಕ್ಕಳ ಎರಡೇ ಅಧ್ಯಯನ, ಒಟ್ಟು 25 ಮಕ್ಕಳು. ಭರವಸೆ ಇಡಬಹುದು, ಆದರೆ ಅದನ್ನು ನಂಬಿ ಬೇಕಾದ ಆಪರೇಷನ್ ಮುಂದೂಡಬಾರದು.

ಎಲ್ಲಿ ಎಂಬುದಕ್ಕೆ: ಸ್ಪೀಚ್ ತೆರಪಿಸ್ಟ್ ಯಾರೇ ಆಗಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ, ಅಂದರೆ ಆರ್‌ಸಿಐ ನಂಬರ್ ಇದೆಯಾ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಂಗಳೂರು, ದೇರಳಕಟ್ಟೆ ಕಡೆ ವಾಕ್ ಶ್ರವಣ ಕಾಲೇಜುಗಳೂ ಡೆಂಟಲ್ ಕಾಲೇಜುಗಳೂ ಇವೆ. ನಿಮ್ಮ ಜಿಲ್ಲೆಯ ಒಳಗೆ ಪೊಯಿನಾಚಿಯಲ್ಲಿ ಡೆಂಟಲ್ ಕಾಲೇಜು ಇದೆ. ಕಾಲೇಜಿನಲ್ಲಿ ಮಕ್ಕಳ ಹಲ್ಲಿನ ವಿಭಾಗ ಬೇರೆಯೇ ಇರುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಮೈಸೂರಿಗೆ ಹೋಗುವ ಅನುಕೂಲ ಇದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕನ್ನಡದಲ್ಲೇ ಪೂರ್ತಿ ಪರೀಕ್ಷೆ ಆಗುತ್ತದೆ. ಇನ್ನು ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆ 2013ರಿಂದ ಇದೆ, 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ. ಶಾಲೆಗೆ ಬರುವ ನರ್ಸ್ ಹತ್ತಿರ ಹೇಳಿದರೆ ಜಿಲ್ಲೆಯ ಕೇಂದ್ರಕ್ಕೆ ಬರೆದುಕೊಡುತ್ತಾರೆ.

ಬದಿಯಡ್ಕ ಟೀಚರ್:

ನಾನು ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. ಶಾಲೆಯ ಕಡೆಯಿಂದ ಎರಡು ಮಾತು.

ಬಾಯಿ ಬಿಟ್ಟು ಕೂರುವ ಮಗುವಿಗೆ ಕ್ಲಾಸಿನಲ್ಲಿ ಎಲ್ಲರ ಮುಂದೆ ‘ಬಾಯಿ ಮುಚ್ಚು, ನೊಣ ಹೋದೀತು’ ಎಂದು ಹೇಳುವುದನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಮಗು ಒಂದು ನಿಮಿಷ ಮುಚ್ಚುತ್ತದೆ. ಆಮೇಲೆ ಆ ಮಾತು ಅದರ ಅಡ್ಡಹೆಸರಾಗುತ್ತದೆ. ದಯವಿಟ್ಟು ಟೀಚರ್ ಹತ್ತಿರ ಹೋಗಿ ವಿಷಯ ಹೇಳಿ. ತೆರಪಿಗೆ ಹೋಗುತ್ತಿದ್ದಾಳೆ, ಹೀಗೆ ನೆನಪಿಸಿ ಎಂದು ತಿಳಿಸಿ. ನನ್ನ ಕ್ಲಾಸಿನಲ್ಲಿ ಇದ್ದ ಒಬ್ಬಳಿಗೆ ನಾವು ಒಂದು ಗುಟ್ಟಿನ ಸನ್ನೆ ಮಾಡಿಕೊಂಡಿದ್ದೆವು. ನಾನು ಗಲ್ಲ ಮುಟ್ಟಿದರೆ ಅವಳು ತುಟಿ ಸೇರಿಸಬೇಕು. ಅವಳಿಗೂ ನನಗೂ ಮಾತ್ರ ಗೊತ್ತು. ಪೆನ್ಸಿಲ್ ಬಾಕ್ಸಿನ ಮೇಲೆ ಹಸಿರು ಚುಕ್ಕಿಯನ್ನೂ ಅಂಟಿಸಿದ್ದಳು, ಅದನ್ನು ನೋಡಿದಾಗಲೆಲ್ಲ ನೆನಪಾಗಲಿ ಎಂದು.

ಮಧ್ಯಾಹ್ನದ ಊಟ ಇನ್ನೊಂದು. ನಿಧಾನ ತಿನ್ನುವ ಮಗು, ಬೇರೆಯವರು ಆಟಕ್ಕೆ ಓಡುವುದನ್ನು ನೋಡಿ ಅರ್ಧ ಬಿಟ್ಟು ಏಳುತ್ತದೆ, ಇಲ್ಲವೇ ಜಗಿಯದೆ ನುಂಗುತ್ತದೆ. ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿ ಮೊದಲು ಬಡಿಸಲು ಕೇಳಿ. ಅಷ್ಟು ಮಾಡಿದರೂ ಬಹಳ ವ್ಯತ್ಯಾಸ.

ಗಟ್ಟಿ ಓದಿಸುವಾಗ ‘ಸ’ ತಪ್ಪಿದರೆ ನಾನು ನಡುವೆ ತಡೆಯುವುದಿಲ್ಲ. ಓದುವುದರಲ್ಲಿ ಅವಳ ಧೈರ್ಯ ಉಳಿಯಬೇಕು.

ಮುಳ್ಳೇರಿಯದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿ ಬಂತು. ಊಟದ ವಿಷಯದಲ್ಲಿ ಅವಳಿಗೆ ದಿನವೂ ಬೈಗುಳ ಬೀಳುತ್ತಿತ್ತು, ಇವತ್ತಿನಿಂದ ಬೀಳುವುದಿಲ್ಲ. ಕನ್ನಡಿ ಹಿಡಿದು ನೋಡಿದೆ. ಬಲಗಡೆ ಆವಿ ಚೆನ್ನಾಗಿ ಕೂತಿತು, ಎಡಗಡೆ ಹೆಸರಿಗೆ ಮಾತ್ರ. ನೀರು ಇಟ್ಟುಕೊಂಡು ಸ್ವಲ್ಪ ಹೊತ್ತಿಗೇ ಉಗುಳಿದಳು. ಇಎನ್‌ಟಿ ಡಾಕ್ಟ್ರ ಹತ್ತಿರ ಟೋಕನ್ ತೆಗೆದುಕೊಂಡಿದ್ದೇವೆ. ಅತ್ತೆಗೂ ಓದಿ ಹೇಳಿದೆ, ಮೂಗಿನ ವಿಷಯ ಕೇಳಿ ಅವರೇ ಬೇಗ ಹೋಗಿ ಅನ್ನುತ್ತಿದ್ದಾರೆ.

ಒಂದು ಕೇಳಬೇಕಿತ್ತು. ಜಗಿಯುವ ಅಭ್ಯಾಸಕ್ಕೆ ಮನೆಯಲ್ಲಿ ಏನು ಕೊಡಬಹುದು? ಈಗ ಅವಳು ಇಷ್ಟಪಡುವುದು ನೀರುದೋಸೆ, ಮೊಸರನ್ನ, ಬಾಳೆಹಣ್ಣು. ಎಲ್ಲ ಮೆತ್ತಗಿನದ್ದೇ.

ಹೊಸಂಗಡಿಯಿಂದ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ತಂಗಿಯ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. ಇನ್ನೂ ಎರಡು ವರ್ಷ ಆಗಿಲ್ಲ. ನಾಲಗೆ ಹೊರಗೇ ಇರುತ್ತದೆ. ನಾಲಗೆ ದೊಡ್ಡದು, ಏನೂ ಮಾಡಲಾಗದು ಎಂದು ಎಲ್ಲರೂ ಹೇಳುತ್ತಾರೆ. ಈ ತೆರಪಿ ಅಂಥ ಮಕ್ಕಳಿಗೂ ಇದೆಯಾ?

ಕುಂಬಳೆ ಸ್ಪೀಚ್:

ಹೊಸಂಗಡಿಯವರೇ, ಖಂಡಿತ ಇದೆ. ಮಗು ಮಾತಾಡುವ ತನಕ ಕಾಯುವುದು ಬೇಡ, ಈಗಲೇ ಶುರು ಮಾಡಬೇಕು. ಸಾಮಾನ್ಯವಾಗಿ ಈ ಮಕ್ಕಳಲ್ಲಿ ಬಾಯೊಳಗಿನ ಜಾಗ ಚಿಕ್ಕದು, ಸ್ನಾಯು ಸಡಿಲ. ಅದಕ್ಕೇ ನಾಲಗೆ ದೊಡ್ಡದಾಗಿ ಕಾಣುತ್ತದೆ, ಹೊರಗೆ ಬರುತ್ತದೆ. ಈ ವಯಸ್ಸಿನಲ್ಲಿ ತೆರಪಿ ಅಂದರೆ ಹೆಚ್ಚಾಗಿ ಊಟವೇ. ಬೆನ್ನು, ತಲೆ ನೇರ ಇರುವ ಹಾಗೆ ಕೂರಿಸಬೇಕು, ಕಾಲಿಗೆ ಆಧಾರ ಬೇಕು. ಮಲಗಿಸಿ ಬಾಯಿಗೆ ಹಾಕಬಾರದು. ಚಪ್ಪಟೆ ಚಿಕ್ಕ ಚಮಚವನ್ನು ನೇರವಾಗಿ ಒಳಗೆ ತಂದು ನಾಲಗೆಯ ಮೇಲೆ ಮೆಲ್ಲ ಒತ್ತಿ, ಮಗುವೇ ಮೇಲ್ತುಟಿ ಇಳಿಸಿ ತೆಗೆದುಕೊಳ್ಳಲು ಕಾಯಬೇಕು. ನಾವು ಚಮಚವನ್ನು ಮೇಲಕ್ಕೆತ್ತಿ ಮೇಲ್ತುಟಿಗೆ ಒರೆಸಿಬಿಟ್ಟರೆ ಆ ತುಟಿಗೆ ಕೆಲಸವೇ ಇಲ್ಲ.

ಅರ್ಜೆಂಟೀನಾದ ಕಾಸ್ಟಿಯೊ ಮೊರಾಲೆಸ್ ಎಂಬ ವೈದ್ಯರು ಇಂಥ ಮಕ್ಕಳಿಗಾಗಿಯೇ ಅಂಗುಳಕ್ಕೆ ಇಡುವ ಒಂದು ಸಣ್ಣ ಪ್ಲೇಟ್ ಬಳಕೆಗೆ ತಂದರು. ಅದರಲ್ಲಿರುವ ಗುಂಡಿಯನ್ನು ಹುಡುಕಿಕೊಂಡು ನಾಲಗೆ ಮೇಲೆ, ಹಿಂದೆ ಹೋಗುತ್ತದೆ. ಎಲ್ಲ ಮಕ್ಕಳಿಗೂ ಅದು ಬೇಕಾಗುವುದಿಲ್ಲ. ಮಕ್ಕಳ ಹಲ್ಲಿನ ಡಾಕ್ಟ್ರೂ ತೆರಪಿಸ್ಟೂ ಒಟ್ಟಿಗೆ ನೋಡಿ ತೀರ್ಮಾನ ಮಾಡಬೇಕು. ಕಿವಿ ಕೇಳಿಸುವ ಪರೀಕ್ಷೆ, ಥೈರಾಯ್ಡ್, ಹೃದಯದ ತಪಾಸಣೆ ಆಗಿದೆಯಾ ಎಂದು ತಂಗಿಯನ್ನು ಕೇಳಿ. ನಿದ್ದೆಯಲ್ಲಿ ಉಸಿರಿನ ತೊಂದರೆ ಈ ಮಕ್ಕಳಲ್ಲಿ ಜಾಸ್ತಿ, ಗೊರಕೆ ಕೇಳಿಸದಿದ್ದರೂ ಇರಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಡೌನ್ ಸಿಂಡ್ರೋಮ್ ಇರುವ ಎಲ್ಲ ಮಕ್ಕಳಿಗೂ 4 ವರ್ಷದೊಳಗೆ ಒಮ್ಮೆ ನಿದ್ದೆಯ ಪರೀಕ್ಷೆ ಮಾಡಿಸಲು ಹೇಳುತ್ತದೆ.

ಮುಳ್ಳೇರಿಯದ ಅಕ್ಕಾ, ಜಗಿಯಲು ನಮ್ಮ ಊರಿನಲ್ಲಿ ಇರುವಷ್ಟು ಎಲ್ಲಿ ಇದೆ! ಒಂದೊಂದೇ ಮೆಟ್ಟಿಲು ಹತ್ತಿಸಿ. ಮೊದಲು ಬೇಯಿಸಿದ ಗೆಣಸು, ಪತ್ರೊಡೆ. ಆಮೇಲೆ ಸೌತೆಕಾಯಿ ಕಡ್ಡಿ, ಪೇರಳೆ, ಚಪಾತಿ. ಬೆಳ್ತಿಗೆ ಅನ್ನದ ಬದಲು ಕುಚ್ಚಿಲಕ್ಕಿ ಅನ್ನ ಕೊಟ್ಟರೆ ಸ್ವಲ್ಪ ಜಾಸ್ತಿ ಜಗಿಯಬೇಕಾಗುತ್ತದೆ. ಆಮೇಲೆ ಬಕ್ಕೆ ಹಲಸಿನ ತೊಳೆ, ಹಲಸಿನ ಹಪ್ಪಳ, ತೆಂಗಿನಕಾಯಿ ಚೂರು. ಮಾಂಬಳ (ಒಣಗಿಸಿದ ಮಾವಿನ ರಸ) ಇದ್ದರೆ ಚಿಕ್ಕ ಚಿಕ್ಕ ತುಂಡು ಮಾಡಿ ಕೊಡಿ, ಎರಡೂ ಬದಿಗೆ ಹಾಕಿ ಜಗಿಯಲು ಹೇಳಿ. ತಿಂದ ಮೇಲೆ ಬಾಯಿ ತೊಳೆಸಿ, ಹಲ್ಲಿಗೆ ಅಂಟುತ್ತದೆ. ತುತ್ತು ಚಿಕ್ಕದಿರಲಿ, ನೀರಿನ ಲೋಟ ಸ್ವಲ್ಪ ದೂರ ಇರಲಿ. ನುಂಗಿ ಆದ ಮೇಲೆ ನೀರು, ನುಂಗಲು ನೀರು ಬೇಡ. ಎದ್ದು ಓಡುತ್ತಾ, ನಗುತ್ತಾ ತಿನ್ನಿಸಬೇಡಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಕಡಲೆಬೀಜ, ತೆಂಗಿನಕಾಯಿ ಚೂರಿನಂಥದ್ದು ಅದರ ಕೈಗೆ ಸಿಗಬಾರದು. ಮೂಗು ಸರಿಯಾಗುವ ತನಕ ಇದನ್ನೂ ಒತ್ತಾಯ ಮಾಡಬೇಡಿ.

ಇಎನ್‌ಟಿ ಡಾಕ್ಟ್ರ ಹತ್ತಿರ ಹೋಗುವ ಮೊದಲು ಫೋನಿನಲ್ಲಿ ಎರಡು ವಿಡಿಯೋ ಮಾಡಿಕೊಳ್ಳಿ. ಒಂದು ಊಟ ಮಾಡುವಾಗ, ಅವಳಿಗೆ ಗೊತ್ತಾಗದ ಹಾಗೆ. ಇನ್ನೊಂದು ಗಾಢ ನಿದ್ದೆಯಲ್ಲಿ ಇರುವಾಗ, ಎದೆ, ಹೊಟ್ಟೆ, ಮುಖ ಮೂರೂ ಕಾಣುವ ಹಾಗೆ, ಫ್ಯಾನಿನ ಸದ್ದು ಇಲ್ಲದೆ. ಉಸಿರು ನಡುವೆ ನಿಂತು ಮತ್ತೆ ಏದುಸಿರು ಬರುತ್ತದಾ, ಎದೆ ಒಳಗೆ ಎಳೆಯುತ್ತದಾ, ತುಂಬಾ ಬೆವರುತ್ತಾಳಾ, ತಲೆ ಹಿಂದಕ್ಕೆ ಚಾಚಿ ಮಲಗುತ್ತಾಳಾ ನೋಡಿ. ಉಸಿರು ನಿಲ್ಲುವುದು ಕಂಡರೆ ಟೋಕನ್ ದಿನಕ್ಕೆ ಕಾಯದೆ ಫೋನ್ ಮಾಡಿ ಬೇಗ ತೋರಿಸಿ. ಹಲ್ಲಿನ ಡಾಕ್ಟ್ರ ಚೀಟಿ, ಎಕ್ಸ್‌ರೇ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಡಾಕ್ಟ್ರು ಏನು ಹೇಳಿದರು ಎಂದು ಇಲ್ಲೇ ಬರೆಯಿರಿ. ತೆರಪಿಗೆ ಯಾವಾಗ ಶುರು ಮಾಡಬಹುದು ಎಂದು ಅವರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.